ಅವ್ವನಿಗೆ ಆಗಿಬರುವ ಒಂದೇ ಕಾರು

ನಮ್ಮ ಅವ್ವ ಬಸ್ಸು ಹೊರಡುವ ಮೊದಲೇ ವಾಂತಿ ಮಾಡುವವಳು. ಮಾತಿಗೆ ಹೇಳುತ್ತಿಲ್ಲ, ನಿಜ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರು ಇನ್ನೂ ಕಾಫಿ ಲೋಟ ಹಿಡಿದು ನಿಂತಿರುತ್ತಾನೆ, ಕಂಡಕ್ಟರು ಮೂಗಿನಲ್ಲೇ ‘ಹಾಸ್ನ ಹಾಸ್ನ ಹಾಸ್ನಾ’ ಎಂದು ಕೂಗುತ್ತಿರುತ್ತಾನೆ. ಅವ್ವ ಆಗಲೇ ಸೆರಗು ಬಾಯಿಗೆ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿರುತ್ತಾಳೆ. ಡೀಸೆಲ್ ವಾಸನೆ, ರೆಕ್ಸಿನ್ ವಾಸನೆ, ಮುಂದಿನ ಸೀಟಿನವರು ಮುಡಿದ ಮಲ್ಲಿಗೆ, ಯಾವುದಾದರೂ ಒಂದು ಸಾಕು. ಗಾಜು ಏರಿಸಿ ಏಸಿ ಹಾಕಿದ ಈಗಿನ ಕಾರುಗಳಾದರೆ ಹೊಳೆ ಸೇತುವೆ ದಾಟುವಷ್ಟು ಹೊತ್ತೂ ತಡೆಯುವುದಿಲ್ಲ. ಮಾತ್ರೆ ಕೊಟ್ಟು ನೋಡಿದೆವು: ಮಾತ್ರೆಗೆ ನಿದ್ದೆ ಬಂತು, ನಿದ್ದೆಯಲ್ಲೇ ವಾಂತಿಯೂ ಬಂತು. ರೈಲು ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ರೈಲು ಮನೆ ಬಾಗಿಲಿಗೆ ಬರುವುದಿಲ್ಲವಲ್ಲ. ಇಳಿದ ಮೇಲೆ ಆಟೋ ಹತ್ತಲೇಬೇಕು.

ನಾನು ಮಿಮಿಕ್ರಿಯವನು. ಹಗಲು ಅಪ್ಪನ ತೆಂಗಿನಕಾಯಿ ಮಂಡಿಯಲ್ಲಿ ಕೂರುತ್ತೇನೆ. ಮದುವೆ, ಸ್ಕೂಲ್ ಡೇ, ಗಣಪತಿ ಪೆಂಡಾಲ್ ಅಂತ ಯಾರಾದರೂ ಕರೆದರೆ ಮೈಕು ಹಿಡಿದು ಊರಿನವರ ದನಿಯನ್ನು ಊರಿನವರಿಗೇ ಮಾರುತ್ತೇನೆ. ನಿನ್ನ ಸ್ವಂತ ದನಿ ಯಾವುದಪ್ಪಾ ಎಂದು ಕೇಳಿದರೆ ಗಂಟಲು ಸರಿಮಾಡಿಕೊಂಡು ಸ್ವಲ್ಪ ಯೋಚಿಸಬೇಕಾಗುತ್ತದೆ. ಅವ್ವನ ವಾಂತಿಯಲ್ಲೇ ನನ್ನ ಹತ್ತಿರ ಬಸ್ಸಿನದು, ಕಾರಿನದು, ಆಟೋದು ಅಂತ ಬೇರೆಬೇರೆ ಐಟಂಗಳಿವೆ. ಮಾಡಿ ತೋರಿಸಿದಾಗಲೆಲ್ಲ ಅವ್ವ ಕೈಗೆ ಸಿಕ್ಕಿದ್ದರಲ್ಲಿ ಬೀಸುತ್ತಾಳೆ. ಮುದ್ದೆ ಕೋಲಿನ ಏಟಿಗೂ ಪೊರಕೆಯ ಏಟಿಗೂ ಇರುವ ವ್ಯತ್ಯಾಸವನ್ನು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಇಂಥ ಅವ್ವನಿಗೆ ಆಗಿಬರುವ ಕಾರು ಲೋಕದಲ್ಲಿ ಒಂದೇ, ನಮ್ಮ ತಾತನದು. ದುಂಡು ಮೂತಿ, ಸೋಫಾದಂಥ ಎತ್ತರದ ಸೀಟು, ಮುಂದಿನ ಕಿಟಕಿಗಳ ಮೂಲೆಯಲ್ಲಿ ತಿರುಗಿಸಿದರೆ ನೇರವಾಗಿ ಮುಖಕ್ಕೆ ಗಾಳಿ ಕೊಡುವ ತ್ರಿಕೋನದ ಪುಟ್ಟ ಗಾಜು. ಓಡುವಾಗ ತೊಟ್ಟಿಲಿನ ಹಾಗೆ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಮದುವೆಯಾಗಿ ಚನ್ನರಾಯಪಟ್ಟಣದಿಂದ ಇದೇ ಕಾರಿನಲ್ಲಿ ಬಂದ ದಿನ ಅವ್ವ ಬಾಯಿಗೆ ಅಡ್ಡವಾಗಿ ಟವೆಲು ಹಿಡಿದೇ ಕೂತಿದ್ದಳಂತೆ. ಊರು ದಾಟುವುದರೊಳಗೆ ನಿದ್ದೆ ಹೋದವಳು ಎದ್ದಿದ್ದು ಹೊಳೆನರಸೀಪುರದಲ್ಲೇ. ‘ನನ್ ಅಂಗಿ ಭುಜದ್ ಮೇಲೆಲ್ಲಾ ಜೊಲ್ಲು,’ ಎಂದು ಅಪ್ಪ ಇವತ್ತಿಗೂ ಹೇಳುತ್ತಾನೆ. ದೂರು ಹೇಳುವವನ ಮುಖ ಅಷ್ಟೊಂದು ಅರಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ಮುಖವನ್ನು ಮಾತ್ರ ನನಗೆ ಅನುಕರಿಸಲು ಬಂದಿಲ್ಲ.

ಚನ್ನರಾಯಪಟ್ಟಣದಲ್ಲಿ ಅವ್ವನ ಅಕ್ಕ ಇದ್ದಾಳೆ, ನನಗೆ ದೊಡ್ಡವ್ವ. ಅಜ್ಜಿ ಬೇಗ ತೀರಿಕೊಂಡದ್ದರಿಂದ ಅವ್ವನಿಗೆ ಎಣ್ಣೆ ಒತ್ತಿ, ಜಡೆ ಹಾಕಿ, ಬೈದು ಬೆಳೆಸಿದವಳು ಅವಳೇ. ಈಗ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಇದ್ದಾಳೆ. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ವಾಕರ್ ಬಂತು, ಆದರೆ ಅವ್ವ ಹೋಗಲಾಗಲಿಲ್ಲ. ಯಾಕೆಂದರೆ ತಾತನ ಕಾರು ಅಷ್ಟರಲ್ಲಾಗಲೇ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ಟೈರಿಲ್ಲದೆ ಸೈಜುಗಲ್ಲಿನ ಮೇಲೆ ಕೂತಿತ್ತು. ಆದರೂ ಅವ್ವ ಒಂದು ಸಲ ಹಟ ಮಾಡಿ ಬಸ್ಸು ಹತ್ತಿದಳು. ದಾರಿಯಲ್ಲೇ ಇಳಿಸಿ, ಸುಸ್ತಾದವಳಿಗೆ ಅಲ್ಲೇ ಒಂದು ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿ ವಾಪಸು ಕರೆತಂದೆವು. ಡಾಕ್ಟರು ಕೈಮುಗಿದು, ‘ಇನ್ಮೇಲೆ ಈ ಸಾಹಸ ಬೇಡ ತಾಯಿ,’ ಎಂದರು.

ಅಕ್ಕತಂಗಿಯರು ದಿನವೂ ಫೋನಿನಲ್ಲಿ ಮಾತಾಡುತ್ತಿದ್ದರು. ಆ ಕಡೆಯಿಂದ ‘ನಾನ್ ಚೆನ್ನಾಗಿವ್ನಿ ಕಣಮ್ಮಿ,’ ಈ ಕಡೆಯಿಂದ ‘ನಾನೂ ಚೆನ್ನಾಗಿವ್ನಿ ಕಣಕ್ಕ.’ ಫೋನು ಇಟ್ಟ ಮೇಲೆ ಅವ್ವ ಒಲೆಯ ಕಡೆ ತಿರುಗಿಕೊಂಡು ಬಹಳ ಹೊತ್ತು ಏನನ್ನೋ ಕಲಕುತ್ತಿದ್ದಳು. ಎಷ್ಟೋ ಸಲ ಒಲೆಯ ಮೇಲೆ ಪಾತ್ರೆಯೇ ಇರುತ್ತಿರಲಿಲ್ಲ.

ಒಂದು ದಿನ ಕಾಯಿ ತುರಿಯುತ್ತಾ ಕೂತಿದ್ದವಳು ತಲೆ ಎತ್ತದೆ ಕೇಳಿದಳು: ‘ಲೋ, ನಿಮ್ ದೊಡ್ಡವ್ವನ್ ಥರ ಒಸಿ ಮಾತಾಡ್ಲಾ.’

ನಾನು ಸೊಂಟದ ಮೇಲೆ ಕೈಯಿಟ್ಟು, ಕತ್ತು ಒಂದು ಕಡೆಗೆ ವಾಲಿಸಿ, ದೊಡ್ಡವ್ವನ ಒಡಕು ದನಿಯಲ್ಲಿ ಶುರುಮಾಡಿದೆ: ‘ಏನಮ್ಮೀ, ಕಾಯಿ ತುರಿಯೋದಾ ಇದು? ಚಿಪ್ಪೂ ಸೇರಿಸ್ಕಂಡು ತುರಿತಿದ್ದೀಯಲ್ಲ, ನಿನ್ ಗಂಡುಂಗೆ ಹಲ್ಲ್ ಗಟ್ಟಿಗವಾ?’

ಅವ್ವ ನಕ್ಕಳು. ಹೊಡೆಯಲಿಲ್ಲ. ‘ಇನ್ನೊಂಚೂರು,’ ಎಂದಳು. ಪೆಂಡಾಲಿನಲ್ಲಿ ಒನ್ಸ್ ಮೋರ್ ಅನ್ನಿಸಿಕೊಂಡರೆ ನನಗೆ ತಲೆ ನಿಲ್ಲುವುದಿಲ್ಲ. ಅವತ್ತು ಮಾತ್ರ ಸೊಂಟದಿಂದ ಕೈ ತೆಗೆದು ನೇರ ಮಂಡಿಗೆ ಹೋದೆ. ಹೇಗಾದರೂ ಕಾರಿಗೆ ಟೈರು ಹಾಕಿಸಬೇಕು ಅಂತ ಅವತ್ತೇ ಅಪ್ಪನಿಗೆ ಹೇಳಿದೆ.

‘ನಾನೇನ್ ಬ್ಯಾಡ ಅಂದ್ನಾ?’ ಎಂದ ಅಪ್ಪ. ‘ಎಲ್ಲವೆ ಆ ಸೈಜಿನ್ ಟೈರು?’

ಅದೇ ತೊಂದರೆ. ಹಳೆಯ ಟೈರುಗಳು ಒಣಗಿ, ಪಕ್ಕೆಯಲ್ಲಿ ಬಿರುಕು ಬಿಟ್ಟಿದ್ದವು. ಅವುಗಳಲ್ಲೊಂದು ಯಾರೂ ಮುಟ್ಟದೆ ನಿಂತಲ್ಲೇ ಒಡೆದಿತ್ತು. ಮಧ್ಯಾಹ್ನದ ನಿದ್ದೆಯಲ್ಲಿದ್ದ ಅಪ್ಪ ಚಾಪೆ ಬಿಟ್ಟೆದ್ದು ‘ಗ್ಯಾಸು! ಗ್ಯಾಸು!’ ಎಂದು ಬೀದಿಗೆ ಓಡಿದ್ದ. ಅಂಥ ಟೈರು ಈಗ ಯಾವ ಅಂಗಡಿಯಲ್ಲೂ ಇಡುವುದಿಲ್ಲ. ಅರಕಲಗೂಡಿನಲ್ಲಿ ಒಬ್ಬರ ಹಳೇ ರೈಸ್ ಮಿಲ್ಲಿನಲ್ಲಿವೆ ಎಂದು ಯಾರೋ ಹೇಳಿದರು. ಅಪ್ಪನೂ ನಾನೂ ಬೈಕಿನಲ್ಲಿ ಹೋದೆವು. ಟೈರುಗಳೇನೋ ಇದ್ದವು. ಒಂದರಲ್ಲಿ ಕರಿಬೇವಿನ ಗಿಡ ಬೆಳೆದಿತ್ತು, ಇನ್ನೊಂದರೊಳಗೆ ಕೋಳಿ ಕಾವು ಕೂತಿತ್ತು.

‘ಮರಿ ಆಗೋಗಂಟ ಕಾಯ್ತೀರಾ?’ ಎಂದು ಮಿಲ್ಲಿನವರು ನಿಜವಾಗಿ ಕೇಳಿದರು.

ಆಗ ಮೈದಾನಕ್ಕೆ ಇಳಿದವನು ನಾನು. ಮೊಬೈಲಿನಲ್ಲಿ ಒಂದಷ್ಟು ವೀಡಿಯೋ ನೋಡಿ, ಆ ವೀಡಿಯೋದವರ ದನಿಯಲ್ಲೇ ಮನೆಯಲ್ಲಿ ಭಾಷಣ ಮಾಡಿದೆ: ಹಳೇ ಮಾದರಿ ಟೈರು ಹುಡುಕುವುದು ದಡ್ಡತನ, ಅದೇ ಅಳತೆಗೆ ಹತ್ತಿರದ ಹೊಸ ಟ್ಯೂಬ್‌ಲೆಸ್ ಟೈರು ಸಿಗುತ್ತದೆ, ಬೇಕಾದರೆ ಚಕ್ರಗಳನ್ನೂ ಬದಲಾಯಿಸಿ ಮಿರಮಿರ ಮಿಂಚುವ ಅಲಾಯ್ ಹಾಕಿಸೋಣ.

ಅವ್ವ ಸೌಟು ಎತ್ತಿ ತಡೆದಳು. ‘ಟೈರ್ ಏನಾರಾ ಮಾಡ್ಕಳಿ. ಚಕ್ರ ಮುಟ್ಬ್ಯಾಡಿ. ಸೀಟ್ ಮುಟ್ಬ್ಯಾಡಿ. ಒಂದೊಂದಾಗಿ ಎಲ್ಲಾನೂ ಬದ್ಲಾಯ್ಸಿ ಅದನ್ನೂ ಈಗಿನ್ ಕಾರ್ ಮಾಡ್ಬುಟ್ರೆ ನಂಗೆ ಅದೂ ಆಗ್ದಂಗಾಯ್ತದೆ.’

ಚಕ್ರಕ್ಕೂ ವಾಂತಿಗೂ ಏನು ಸಂಬಂಧ ಎಂದು ಕೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮೊಬೈಲು ಜೇಬಿಗೆ ಹಾಕಿದೆ. ತನಗೆ ಆ ಕಾರು ಯಾಕೆ ಆಗುತ್ತದೆ ಎಂಬುದು ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಏನನ್ನೂ ಅಲುಗಾಡಿಸಲು ಅವಳಿಗೆ ಭಯ. ಇರುವುದು ಅದೊಂದೇ ದಾರಿ, ಅದೂ ಮುಚ್ಚಿಹೋದರೆ?

ಸರಿ, ಹಳೇ ಚಕ್ರಕ್ಕೇ ಹೊಸ ಟೈರು. ಐದು ಚಕ್ರಗಳನ್ನೂ ಗೂಡ್ಸ್ ಆಟೋಗೆ ಏರಿಸಿಕೊಂಡು ಹಾಸನಕ್ಕೆ ಹೊರಟೆವು.

ಹಾಸನದ ಟೈರಂಗಡಿಯ ಯಜಮಾನರದು ಮೊದಲು ಹೊಟ್ಟೆ ಬಂದು, ಆಮೇಲೆ ನಗು ಬಂದು, ಕೊನೆಗೆ ಅವರು ಬರುವ ಶೈಲಿ. ಅವರನ್ನು ನೋಡಿದ ಕೂಡಲೇ ನನ್ನ ಗಂಟಲು ತುರಿಸಿತು. ‘ಫಿಕರ್ ಮಾಡ್ಬೇಡಿ ಸಾ,’ ಎಂದರು, ‘ಟ್ರ್ಯಾಕ್ಟ್ರಿಂದ ಹಿಡ್ದು ಮಗು ಸೈಕಲ್‌ವರ್ಗೂ ನಾನ್ ಕೂರಿಸ್ದೇ ಇರೋ ಟೈರಿಲ್ಲ. ಟೀ ಕುಡಿಯೋಷ್ಟ್ರಲ್ಲಿ ಮುಗೀತು ಅನ್ಕಳಿ.’ ನಾನೂ ಪಕ್ಕದಲ್ಲಿ ನಿಂತು, ‘ಹೂಂ, ಸಿಂಪಲ್,’ ಎಂದೆ. ಬಲ್ಲವರಿಬ್ಬರು ಒಂದೇ ಕಡೆ ಸೇರಿದ್ದೆವು.

ಟ್ಯೂಬ್‌ಲೆಸ್ ಅಂದರೆ ಹೆಸರೇ ಹೇಳುವಂತೆ ಒಳಗೆ ಟ್ಯೂಬಿಲ್ಲ. ಟೈರಿನ ಅಂಚು ಚಕ್ರದ ಕಬ್ಬಿಣದ ಅಂಚಿಗೆ ಒತ್ತಿ ಕೂರಬೇಕು, ಆ ಒತ್ತಿನಲ್ಲೇ ಗಾಳಿ ನಿಲ್ಲಬೇಕು. ಯಜಮಾನರು ಮೊದಲ ಟೈರನ್ನು ಏರಿಸಿ ಗಾಳಿ ಬಿಟ್ಟರು. ಟಪ್ ಎಂದು ಅಂಚು ಕೂತ ಸದ್ದು ಬಂತು. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಅವರು ಸೋಪಿನ ನೀರು ಹಚ್ಚಿದರು. ಸುತ್ತಲೂ ನೊರೆ ಎದ್ದಿತು. ಎಲ್ಲೋ ಒಂದು ಕಡೆಯಲ್ಲ, ಪೂರ್ತಿ ಚಕ್ರದ ಸುತ್ತ ಗುಳ್ಳೆಗಳು ಗುಳುಗುಳು ಅನ್ನುತ್ತಾ ಹೊರಟವು. ಇನ್ನೊಂದು ಚಕ್ರಕ್ಕೆ ಹಾಕಿದರು, ಅದೂ ಹಾಗೆಯೇ.

ಯಜಮಾನರು ಟೈರು ಬಿಚ್ಚಿ, ಚಕ್ರದ ಅಂಚಿಗೆ ಉಗುರು ಹಾಕಿ ಕೆರೆದರು. ಒಂದು ದಪ್ಪ ಚಕ್ಕೆ ಎದ್ದು ಬಂತು. ಅದನ್ನು ಬೆಳಕಿಗೆ ಹಿಡಿದರು. ಚಕ್ಕೆಯ ಪಕ್ಕೆಯಲ್ಲಿ ಬೆಳ್ಳಿ, ಹಸಿರು, ಕೆಂಪು, ಮತ್ತೆ ಬೆಳ್ಳಿ, ಪದರದ ಮೇಲೆ ಪದರ.

‘ಇದೇನ್ ಸಾ, ಚಕ್ರನಾ ಚಿರೋಟಿನಾ?’

ನನಗೆ ಕೂಡಲೇ ಅರ್ಥವಾಯಿತು. ಅಪ್ಪನ ಕಡೆ ನೋಡಿದೆ. ಅಪ್ಪ ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಆಯುಧಪೂಜೆಗೆ ಎಲ್ಲರೂ ಗಾಡಿ ತೊಳೆಯುತ್ತಾರೆ, ಹೂ ಹಾಕುತ್ತಾರೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ನಮ್ಮಪ್ಪ ಚಕ್ರಕ್ಕೆ ಬಣ್ಣ ಹೊಡೆಯುತ್ತಾನೆ. ಅದೂ ಕಾಣುವ ಕಡೆಗೆ ಮಾತ್ರವಲ್ಲ. ಚಕ್ರ ಬಿಚ್ಚಿ, ಟೈರು ಕಳಚಿಸಿ, ಟ್ಯೂಬು ತೆಗೆದು, ಒಳಗೆ, ಹೊರಗೆ, ಅಂಚಿಗೆ, ಸಂದಿಗೆ, ಎಲ್ಲ ಕಡೆಗೂ. ‘ಪೂಜೆ ಅಂದ್ಮ್ಯಾಲೆ ಕಾಣೋ ತಾವ ಅಷ್ಟೇನಾ ಮಾಡಾದು?’ ಎಂದು ತಾತ ಕೇಳಿದ್ದನಂತೆ. ತಾತ ಕೇಳಿದ್ದು ಒಂದು ಸಲ. ಅಪ್ಪ ಅದನ್ನು ಪ್ರತಿ ವರ್ಷವೂ ಪಾಲಿಸಿದ. ಬಣ್ಣಕ್ಕೆ ಅಂತ ಬೇರೆ ಡಬ್ಬಿ ತರುತ್ತಿರಲಿಲ್ಲ. ಆ ವರ್ಷ ಮನೆಯಲ್ಲಿ ಏನು ಉಳಿದಿತ್ತೋ ಅದು. ಒಳಗೆ ಟ್ಯೂಬು ಇರುವಷ್ಟು ಕಾಲ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಈಗ ಅದೇ ಭಕ್ತಿ ಗಾಳಿಗೆ ದಾರಿ ಬಿಟ್ಟಿತ್ತು.

‘ಸ್ಯಾಂಡ್ ಬ್ಲಾಸ್ಟ್ ಮಾಡ್ಸಿದ್ರೆ ಆಯ್ತು ಸಾ,’ ಎಂದರು ಯಜಮಾನರು. ‘ಮರಳು ಊದಿ ಕ್ಷಣದಲ್ಲಿ ಎಬ್ಬಿಸ್ತಾರೆ. ಒಂದ್ ಚೂರೂ ಉಳ್ಯಲ್ಲ.’

ಅಪ್ಪ ಲಾರಿಯಿಂದ ಕಣ್ಣು ತೆಗೆದ. ‘ಬ್ಯಾಡ,’ ಎಂದ. ‘ನಾವೇ ಕೆರ್ಕಂಡ್ ಬತ್ತೀವಿ.’

‘ಕೈಯಲ್ಲಾ? ಕೈ ಬಿದ್ದೋಗ್ತದೆ ಸಾ.’

‘ಬಳ್ದಿದ್ದೂ ಕೈಯಲ್ಲೇಯ.’

ಗೂಡ್ಸ್ ಆಟೋದಲ್ಲಿ ವಾಪಸು ಬರುವಾಗ ನಾನು ಟೈರಂಗಡಿಯವರ ನಗುವನ್ನೂ, ‘ಚಿರೋಟಿನಾ’ ಎನ್ನುವುದನ್ನೂ ಮಾಡಿ ತೋರಿಸಿದೆ. ಡ್ರೈವರು ಹ್ಯಾಂಡಲ್ ಬಿಟ್ಟು ನಕ್ಕ. ಅಪ್ಪ ನಗಲಿಲ್ಲ. ಹೊಳೆನರಸೀಪುರ ಬರುವವರೆಗೂ ಆ ಚಕ್ಕೆಯನ್ನು ಬೆರಳುಗಳ ನಡುವೆ ಹಿಡಿದು ತಿರುಗಿಸುತ್ತಿದ್ದ. ಇಳಿಯುವಾಗ ಕೇಳಿದ: ‘ನನ್ ಬಣ್ಣುದ್ ದೆಸೆಯಿಂದ ನಿಮ್ಮವ್ವ ಅವ್ರಕ್ಕನ್ ಮಕ ನೋಡ್ದಂಗಾಗೋಯ್ತದೇನ್ಲಾ?’

ಆ ಪ್ರಶ್ನೆಗೆ ಯಾರ ದನಿಯಲ್ಲಿ ಉತ್ತರ ಕೊಡಬೇಕೋ ಗೊತ್ತಾಗಲಿಲ್ಲ. ‘ಸುಮ್ಕಿರಪ್ಪ, ಕೆರೆಯಣ,’ ಎಂದೆ. ಅದು ನನ್ನದೇ ದನಿ ಇರಬೇಕು.

ಮನೆಯಂಗಳದಲ್ಲಿ ಚಾಪೆ ಹಾಸಿ ಕೆರೆಯಲು ಕೂತೆವು. ಬೆಳಗ್ಗೆ ಮಂಡಿಗೆ ಹೋಗುವ ಮೊದಲು ಸ್ವಲ್ಪ, ಸಂಜೆ ಬಂದ ಮೇಲೆ ಸ್ವಲ್ಪ. ಪೇಂಟರುಗಳ ಪಟ್ಟಿ ಬ್ಲೇಡು, ಉಪ್ಪು ಕಾಗದ, ಸಂದಿಗಳಿಗೆ ಅವ್ವನ ಹಳೇ ಈಳಿಗೆಯ ತುಂಡು. ಮೊದಲ ದಿನವೇ ನನ್ನ ಅಂಗೈಯಲ್ಲಿ ಬೊಬ್ಬೆ ಬಂತು. ಮೈಕು ಹಿಡಿದು ಬೆಳೆದ ಕೈ, ಪಾಪ. ಅಪ್ಪ ಮಾತ್ರ ಹುಷಾರಾಗಿ ಒಂದೊಂದೇ ಪದರ ಬಿಡಿಸುತ್ತಿದ್ದ. ಸ್ಯಾಂಡ್ ಬ್ಲಾಸ್ಟ್ ಬೇಡ ಎಂದದ್ದು ಯಾಕೆ ಎಂದು ಆಗ ತಿಳಿಯಿತು.

‘ಇದು ಮಂಡಿ ಬಾಗ್ಲು ಅಸ್ರು,’ ಅನ್ನುತ್ತಿದ್ದ. ಕೆರೆತ. ‘ಇದು ನಿಮ್ಮವ್ವ ಸೈಕಲ್ ಕಲಿತೀನಿ ಅಂತ ಓಗಿ ಬೇಲಿಗ್ ಬಿದ್ಲಲ್ಲ, ಆ ಸೈಕಲ್ಲಿಂದು.’

‘ಅದ್ಯಾಕೀಗ?’ ಅವ್ವ ಒಳಗಿನಿಂದ.

‘ನಾನೆಲ್ಲಿ ಏಳ್ದೆ, ಚಕ್ರ ಏಳ್ತಾ ಅದೆ.’ ಮತ್ತೆ ಕೆರೆತ. ಒಂದು ಕಡೆ ಕಪ್ಪು ಬಣ್ಣ ಬಂತು, ಒಂದೇ ತೆಳು ಪದರ. ಅಪ್ಪ ಬ್ಲೇಡು ನಿಲ್ಲಿಸಿದ. ‘ಇದು ನಿಮ್ ತಾತ ಓದ್ ವರ್ಸದ್ದು. ಸೂತ್ಕ, ಪೂಜೆ ಇರ್ನಿಲ್ಲ. ಆದ್ರೂ ಮನ್ಸ್ ತಡೀನಿಲ್ಲ. ಪೂಜೆ ಮಾಡ್ನಿಲ್ಲ, ಒಂದ್ ಕೈ ಬಣ್ಣ ಹೊಡ್ದೆ ಅಷ್ಟೆ.’

ನಾನು ತಾತನ ಕೆಮ್ಮನ್ನು ಬಹಳ ಚೆನ್ನಾಗಿ ಮಾಡುತ್ತೇನೆ. ಆ ಹೊತ್ತಿಗೆ ಮಾಡಲಿಲ್ಲ.

ಇನ್ನಷ್ಟು ಒಳಗೆ ಹೋದಾಗ ನನ್ನ ಬ್ಲೇಡಿಗೆ ಗುಲಾಬಿ ಬಣ್ಣ ಸಿಕ್ಕಿತು. ಕಾರಿನ ಚಕ್ರಕ್ಕೆ ಗುಲಾಬಿ! ಹೊಟ್ಟೆ ಹಿಡಿದು ನಕ್ಕೆ. ‘ಅಪ್ಪಾ, ಇದ್ಯಾವ ಪಾರ್ಟಿ ಮೇಕಪ್ಪು?’

‘ನಿನ್ ತೊಟ್ಲುದ್ ಬಣ್ಣ ಕಣ್ಲಾ ಅದು.’

‘ನನ್ ತೊಟ್ಲು ಗುಲಾಬಿನಾ?’

‘ನಿಮ್ಮವ್ವ ಎಣ್ಮಗೂನೆ ಆಯ್ತದೆ ಅಂತ ಒಂದೇ ಹಟ. ನಾನೇ ಬಳ್ದಿದ್ದು. ಆಮ್ಯಾಲೆ ನೀನ್ ಬಂದೆ. ಉಳಿದಿದ್ ಬಣ್ಣ ಏನ್ ಮಾಡಾದು?’

‘ಮಗನ್ನೇ ವಾಪಸ್ ಕೊಟ್ಬುಡ್ಬೇಕಿತ್ತು,’ ಎಂದೆ.

‘ತಕಳ್ಳೋರಿದ್ರೆ ಈಗ್ಲೂ ಕೊಟ್ಟೇವು,’ ಎಂದಳು ಅವ್ವ. ಅವಳು ಬಾಗಿಲಿಗೆ ಬಂದು ನಿಂತಿದ್ದಳು. ಚಕ್ರದ ಮೇಲಿನ ಗುಲಾಬಿಯನ್ನು ನೋಡಿದಳು, ನನ್ನ ಅಂಗೈಯ ಬೊಬ್ಬೆಯನ್ನು ನೋಡಿದಳು, ಒಳಗೆ ಹೋಗಿ ಕೊಬ್ಬರಿ ಎಣ್ಣೆ ತಂದಳು. ಆ ಒಂದು ಅಂಗೈ ಅಗಲದ ಗುಲಾಬಿಯನ್ನು ಕೆರೆಯಲು ನಮ್ಮಿಬ್ಬರಿಗೂ ಕೈ ಬರಲಿಲ್ಲ. ಕೊನೆಗೆ ಅವ್ವನೇ ಈಳಿಗೆ ತುಂಡು ತೆಗೆದುಕೊಂಡು ಪರಪರ ಕೆರೆದಳು. ‘ತೊಟ್ಲು ಮ್ಯಾಲೆ ಅಟ್ಟದಲ್ಲೈತೆ, ಮಗ ಇಲ್ಲೇ ಕುಂತವ್ನೆ, ಇದ್ನ್ಯಾಕ್ ಇಟ್ಕಂಡ್ ಕುಂತೀರಿ? ನಮ್ಮಕ್ಕ ಅಲ್ಲಿ ವಾಕರ್ ಇಡ್ಕಂಡ್ ನಿಂತವ್ಳೆ.’

ಎಲ್ಲ ಚಕ್ರಗಳ ಕಬ್ಬಿಣ ಕಂಡ ಮೇಲೆ ಮತ್ತೆ ಹಾಸನ. ಯಜಮಾನರು ಚಕ್ರಗಳನ್ನು ತಿರುಗಿಸಿ ನೋಡಿ, ‘ಭೇಷ್,’ ಎಂದರು. ಆಮೇಲೆ ಅಂಚಿನ ಮೇಲೆ ಬೆರಳಾಡಿಸಿ ಗಂಭೀರವಾದರು. ಬಣ್ಣದ ಅಡಿಯಲ್ಲಿ ತುಕ್ಕು ತಿಂದ ಸಣ್ಣಸಣ್ಣ ಗುಳಿಗಳಿದ್ದವು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಹೊಸ ಕಾರುಗಳ ಚಕ್ರದಲ್ಲಿ ಅಂಚಿನ ಒಳಬದಿಗೆ ಒಂದು ಸಣ್ಣ ದಿಬ್ಬ ಇರುತ್ತದೆ. ಗಾಳಿ ಕಡಿಮೆಯಾದರೂ ಟೈರು ಜಾರಿ ಒಳಗೆ ಬೀಳದ ಹಾಗೆ ಅದು ತಡೆಯುತ್ತದೆ. ತಾತನ ಕಾಲದ ಚಕ್ರಕ್ಕೆ ಆ ದಿಬ್ಬವೇ ಇಲ್ಲ.

‘ಅವತ್ತೇ ನೋಡ್ಬೇಕಿತ್ತು ಸಾ, ನಾನ್ ನೋಡ್ಲಿಲ್ಲ,’ ಎಂದರು. ‘ಇದು ಇಲ್ಲಿ ಗಾಳಿ ಹಿಡಿದ್ರೂ ತಿರುವಲ್ಲಿ ಬಿಟ್ರೆ ಕಷ್ಟ. ನಾನ್ ಕೊಡಲ್ಲ.’

ನನ್ನ ವೀಡಿಯೋ ಜ್ಞಾನ ಅಲ್ಲಿಗೆ ಮುಗಿದಿತ್ತು. ಮೂವರೂ ಚಕ್ರದ ಸುತ್ತ ಸಾವಿನ ಮನೆಯಲ್ಲಿ ಕೂತಂತೆ ಕೂತೆವು. ಅಷ್ಟರಲ್ಲಿ ಅವ್ವನ ಫೋನು. ನಾನು ಸ್ಪೀಕರಿಗೆ ಹಾಕಿ ಎಲ್ಲವನ್ನೂ ವಿವರಿಸಿದೆ.

‘ಟೈರು ಚೆನ್ನಾಗೈತಾ?’ ಎಂದು ಅವ್ವ ಕೇಳಿದಳು.

‘ಹೂಂ, ಹೊಸಾದು.’

‘ಚಕ್ರ?’

‘ಗಟ್ಟಿಗದೆ.’

‘ಗಾಳಿ ಒಂದು ನಿಲ್ತಿಲ್ಲ ಅಷ್ಟೇ ತಾನೆ? ಒಳೀಕೆ ಟ್ಯೂಬ್ ಆಕ್ರಪ್ಪ.’

‘ಅವ್ವಾ, ಇದು ಟ್ಯೂಬ್‌ಲೆಸ್ಸು. ಟ್ಯೂಬ್‌ಲೆಸ್ ಅಂದ್ರೆ ಟ್ಯೂಬ್ ಇಲ್ಲದ್ದು ಅಂತ.’

‘ಇಲ್ಲ ಅನ್ನೋದ್ಕೇ ತಾನೆ ಆಕಿ ಅಂದಿದ್ದು?’

ಯಜಮಾನರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಅವರು ನಕ್ಕರು. ‘ಅಮ್ಮಾ, ಟ್ಯೂಬ್‌ಲೆಸ್ಸಿಗೆ ಟ್ಯೂಬ್ ಹಾಕ್ದೆ ಅಂತ ಗೊತ್ತಾದ್ರೆ ಜನ ನನ್ ಬೋರ್ಡ್ ಕಿತ್ತಾಕ್ತಾರೆ,’ ಎಂದರು. ಆದರೆ ಆಗುವುದಿಲ್ಲ ಎನ್ನಲಿಲ್ಲ. ಆ ಟೈರಿಗೆ ಟ್ಯೂಬು ಹಾಕಬಹುದೋ ಇಲ್ಲವೋ ಎಂದು ಇನ್ನಿಬ್ಬರಿಗೆ ಫೋನು ಮಾಡಿ ವಿಚಾರಿಸಿದರು. ಒಬ್ಬರು ಬೈದರಂತೆ, ಇನ್ನೊಬ್ಬರು ತಾವೂ ಹಾಗೇ ಓಡಿಸುತ್ತಿದ್ದೇವೆ ಎಂದರಂತೆ. ಟ್ಯೂಬು ಅಳತೆಗೆ ಸರಿಯಿರಬೇಕು, ಒಳಗೆ ಒರಟು ಉಳಿಯಬಾರದು, ತೀರಾ ವೇಗ ಬೇಡ, ಇಷ್ಟು ಷರತ್ತು.

‘ನಮ್ಮಪ್ಪನ ವೇಗ ನೋಡಿದ್ರೆ ಎಮ್ಮೆ ಹಾರನ್ ಹೊಡ್ದು ಸೈಡ್ ಕೇಳುತ್ತೆ ಸಾ,’ ಎಂದೆ.

ಟೈರುಗಳ ಒಳಮೈಗೆ ಅಂಟಿಸಿದ್ದ ಕಾಗದದ ಚೀಟಿಗಳನ್ನು ಅಪ್ಪನೇ ಕೂತು ಬಿಡಿಸಿದ. ಬಿಟ್ಟರೆ ಅದೇ ಉಜ್ಜಿ ಉಜ್ಜಿ ಟ್ಯೂಬು ತೂತಾಗುತ್ತದಂತೆ. ಒಳಗೆ ಸುತ್ತಲೂ ಬೆರಳಾಡಿಸಿ ಒರಟು ಹುಡುಕಿದ. ಮಗುವಿಗೆ ಸ್ನಾನ ಮಾಡಿಸಿದವರಂತೆ ಪೌಡರು ಸವರಿದ. ತುಕ್ಕು ಹಿಡಿಯದಂತೆ ಯಜಮಾನರು ಚಕ್ರಕ್ಕೆ ತೆಳುವಾಗಿ ಪ್ರೈಮರ್ ಹೊಡೆಯುವಾಗ ಅಪ್ಪ ಮೆಲ್ಲಗೆ, ‘ಮ್ಯಾಲೆ ಒಂದೇ ಒಂದ್ ಕೈ ಬೆಳ್ಳಿ ಬಣ್ಣ…’ ಎಂದು ಶುರುಮಾಡಿದ. ‘ಅಪ್ಪಾ,’ ಎಂದೆ. ಮತ್ತೆ ಟೈರಿನ ಒಳಗೆ ಒರಟು ಹುಡುಕತೊಡಗಿದ.

ಹೊರಡುವ ದಿನ ಬೆಳಗ್ಗೆ ಅವ್ವ ಏನೂ ತಿನ್ನಲಿಲ್ಲ. ಟವೆಲು, ಪ್ಲಾಸ್ಟಿಕ್ ಕವರು, ಜೊತೆಗೆ ಒಂದು ವಾರಕ್ಕಾಗುವಷ್ಟು ಸೀರೆ. ಮುಂದೆ ಅಪ್ಪನ ಪಕ್ಕ ಕೂತಳು, ತ್ರಿಕೋನದ ಗಾಜನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡಳು. ನಾನು ಹಿಂದೆ. ಕಾರು ಹೊರಟಿತು. ಮೊದಲ ತಿರುವಿನಲ್ಲೇ ಗೊತ್ತಾಯಿತು: ಕಾರು ಬದಲಾಗಿತ್ತು. ಹಳೇ ಟೈರಿನ ಗುಂಯ್‌ಗುಟ್ಟುವಿಕೆ ಇರಲಿಲ್ಲ. ಹಳ್ಳಕ್ಕೆ ಇಳಿದರೆ ಮೊದಲಿನಂತೆ ಧಡ್ ಎನ್ನದೆ ಮೆತ್ತಗೆ ಎದ್ದು ಕೂರುತ್ತಿತ್ತು. ಮುಂದಕ್ಕೂ ಹಿಂದಕ್ಕೂ ತೂಗುವ ಆ ತೂಗಾಟ ಕಡಿಮೆಯಾಗಿತ್ತೋ, ನನಗೇ ಹಾಗನ್ನಿಸಿತೋ. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಅವ್ವನ ಕಿವಿಯ ಹಿಂದಿನ ಬೆವರನ್ನು ನೋಡುತ್ತಿದ್ದೆ.

ಅರ್ಧ ದಾರಿ ಆಗಿರಬೇಕು. ಅವ್ವ ಕೈ ಎತ್ತಿದಳು. ‘ನಿಲ್ಸಿ.’

ಅಪ್ಪ ಕಾರನ್ನು ರಸ್ತೆ ಪಕ್ಕಕ್ಕೆ ಎಳೆದ. ನಾನು ಹಾರಿ ಇಳಿದು, ಕವರು ಬಿಡಿಸಿ, ನೀರಿನ ಬಾಟಲಿ ಹಿಡಿದು ಅವಳ ಬಾಗಿಲಿಗೆ ಓಡಿದೆ. ಅವ್ವ ಕೆಳಗಿಳಿದಳು. ನನ್ನನ್ನು ಪಕ್ಕಕ್ಕೆ ಸರಿಸಿದಳು. ಹಿಂದಕ್ಕೆ ನಡೆದು, ಮರದಡಿ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದವನ ಹತ್ತಿರ ಹೋಗಿ, ‘ಬೇಯಿಸಿದ್ ಕಳ್ಳೆಕಾಯಿ ಕೊಡಪ್ಪ, ಬಿಸೀದು,’ ಎಂದಳು.

‘ಅವ್ವಾ! ನಾವ್ ಇಲ್ಲಿ ಜೀವ ಕೈಯಲ್ಲಿ ಇಟ್ಕಂಡಿದ್ರೆ…’

‘ನಮ್ಮಕ್ಕುಂಗೆ ಇದಂದ್ರೆ ಪ್ರಾಣ. ಬರಿಗೈಲಿ ಓಗಕ್ಕಾಯ್ತದಾ?’ ವಾಪಸು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಪೊಟ್ಟಣ ಬಿಚ್ಚಿ ತಾನೇ ಒಂದು ಬಾಯಿಗೆ ಹಾಕಿಕೊಂಡಳು. ಓಡುವ ಗಾಡಿಯಲ್ಲಿ ಅವ್ವ ಏನಾದರೂ ತಿಂದದ್ದನ್ನು ನಾನು ನೋಡಿದ್ದು ಎಷ್ಟೋ ಕಾಲದ ಮೇಲೆ. ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಪೊಟ್ಟಣದ ಕಡೆ ಒಂದು ಕೈ ಚಾಚಿದ.

ಚನ್ನರಾಯಪಟ್ಟಣದಲ್ಲಿ ದೊಡ್ಡವ್ವ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಸಣ್ಣಗಾಗಿದ್ದಳೆಂದರೆ, ಇಷ್ಟು ದಿನ ನಾನು ಅನುಕರಿಸುತ್ತಿದ್ದ ದೊಡ್ಡವ್ವ ಬೇರೆ ಯಾರೋ ಎನ್ನಿಸಿತು. ಬಾಯಿ ಮಾತ್ರ ಹಾಗೇ ಇತ್ತು.

‘ಏನಮ್ಮೀ, ಅಕ್ಕ ಅನ್ನೋಳು ಒಬ್ಳವ್ಳೆ ಅಂತ ಈಗ ಗೆಪ್ತಿ ಬಂತಾ?’

‘ಟೈರ್ ಇರ್ನಿಲ್ಲ ಕಣಕ್ಕ.’

‘ಟೈರ್ ಇಲ್ದಿದ್ರೆ ಕಾಲಿರ್ನಿಲ್ವಾ?’

‘ನಿಂಗೂ ಇತ್ತಲ್ಲ, ನೀನ್ ಬಂದ್ಯಾ?’

ಹೇಳಿದ ಮೇಲೆ ತಾನು ಅಂದದ್ದು ಅವ್ವನಿಗೇ ಕೇಳಿಸಿತು. ವಾಕರಿನ ಕಡೆ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ದೊಡ್ಡವ್ವ ತಾನೂ ವಾಕರ್ ನೋಡಿಕೊಂಡು ಭುಜ ಕುಣಿಸುತ್ತಾ ನಗತೊಡಗಿದಳು. ಅವ್ವನೂ ನಕ್ಕಳು. ನಗುತ್ತಲೇ ಹೋಗಿ ಅಕ್ಕನ ಕುತ್ತಿಗೆಗೆ ಮುಖ ಇಟ್ಟಳು. ಆಮೇಲೆ ನಗುವಿನ ಸದ್ದು ನಿಂತಿತು, ಭುಜಗಳು ಮಾತ್ರ ಇನ್ನೂ ಕುಣಿಯುತ್ತಿದ್ದವು.

ಊಟವಾದ ಮೇಲೆ ದೊಡ್ಡವ್ವ ಬೀದಿಯಲ್ಲಿ ನಿಂತಿದ್ದ ಕಾರಿನ ಕಡೆ ಕೈ ತೋರಿಸಿದಳು. ‘ಅದ್ರೊಳ್ಗೆ ಒಸಿ ಕೂತ್ಕತೀನಿ.’

ಸೊಸೆ ಗಾಬರಿಯಾದಳು. ಬಿದ್ದಾಗಿನಿಂದ ಅತ್ತೆ ಆಸ್ಪತ್ರೆಗೆ ಬಿಟ್ಟರೆ ಹೊಸಿಲು ದಾಟಿಲ್ಲವಂತೆ. ಮಗನ ಕಾರು ತಗ್ಗು. ತಗ್ಗಿನಲ್ಲಿ ಕೂತು ಸೊಂಟ ಮಡಚಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಆದರೆ ತಾತನ ಕಾರಿನ ಸೀಟು ಕುರ್ಚಿಯಷ್ಟು ಎತ್ತರ. ನಾನೂ ಸೊಸೆಯೂ ಆ ಕಡೆ ಈ ಕಡೆ ಹಿಡಿದು ಮೆಟ್ಟಿಲು ಇಳಿಸಿದೆವು. ದೊಡ್ಡವ್ವ ತಿರುಗಿ ನಿಂತು, ಮೊದಲು ಹಿಂದಿನ ಸೀಟಿನ ಮೇಲೆ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಂಡಳು. ಆ ಬದಿಯಿಂದ ಅವ್ವ ಹತ್ತಿದಳು. ಅಪ್ಪ ಓಡಿಬಂದು ಸ್ಟೇರಿಂಗಿನ ಮುಂದೆ ಕೂತ.

‘ಎಲ್ಲಿಗೋಗಣ ಅತ್ಗೆ? ಕೆರೆ ಕಡೀಕೆ ಒಂದ್ ರೌಂಡ್ ಆಕಣ್ವಾ?’

‘ಎಲ್ಗೂ ಬ್ಯಾಡ ಕಣಪ್ಪ. ನೀನ್ ಇಳಿ.’

ಅಪ್ಪ ಇಳಿದ. ಕಾರು ಹೊಂಗೆ ಮರದ ನೆರಳಲ್ಲಿ ನಿಂತಿತ್ತು. ನಾನೂ ಅಪ್ಪನೂ ಜಗಲಿಯ ಮೇಲೆ ಬಾಡಿಗೆ ಡ್ರೈವರುಗಳಂತೆ ಕೂತೆವು. ಹಿಂದಿನ ಸೀಟಿನಿಂದ ಮಾತು ತುಂಡುತುಂಡಾಗಿ ಬರುತ್ತಿತ್ತು: ಯಾರದೋ ಮದುವೆ, ಯಾವುದೋ ಜಡೆ, ಬಚ್ಚಲು, ‘ಬಿದ್ದಾಗ ಮದ್ಲು ನಿನ್ನೇ ಕರ್ದೆ ಕಣಮ್ಮಿ, ಇಲ್ಲೆಲ್ಲೋ ಇದೀಯ ಅನ್ಕಂಡು.’ ಆಮೇಲೆ ದನಿ ತಗ್ಗಿತು, ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಕಿವಿ ಚಾಚಿದ್ದ ನನ್ನನ್ನು ಅಪ್ಪ ಮೊಣಕೈಯಲ್ಲಿ ತಿವಿದ.

ಬಿಸಿಲು ಮರದ ಆ ಕಡೆಗೆ ಸರಿಯಿತು. ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬ ಹಳೇ ಕಾರನ್ನು, ತೆರೆದ ಬಾಗಿಲನ್ನು, ಜಗಲಿಯ ಮೇಲೆ ಕೂತ ನಮ್ಮಿಬ್ಬರನ್ನು ನೋಡಿ ನಿಲ್ಲಿಸಿದ.

‘ಏನ್ ಸಾ, ಗಾಡಿ ಕೆಟ್ಟೋಯ್ತಾ? ತಳ್ಬೇಕಾ?’

‘ಬ್ಯಾಡ ಕಣಪ್ಪ,’ ಎಂದ ಅಪ್ಪ, ದನಿ ಸಣ್ಣದು ಮಾಡಿಕೊಂಡು. ‘ಇನ್ನೂ ಮಾತಾಡ್ತಾವ್ರೆ.’